ಪ್ರತಿ ಭಾನುವಾರ ಸಾಯುವ ಲೆನ್ ಓಲ್ಡ್‌ರಾಯ್ಡ್

ಬೇಸಿಗೆಯ ಪ್ರತಿ ಭಾನುವಾರ ಮಧ್ಯಾಹ್ನ ಎರಡೂವರೆಗೆ ಲೆನ್ ಓಲ್ಡ್‌ರಾಯ್ಡ್ ಸಾಯುತ್ತಿದ್ದ. ಯಾರ್ಕ್‌ಷೈರಿನ ಹ್ಯಾರಸ್ಬಿ ಕೋಟೆಯ ಕೆಳಗಿನ ಹುಲ್ಲುಗಾವಲಿನಲ್ಲಿ, ಮುನ್ನೂರು ಜನರ ಮುಂದೆ, ಅದರಲ್ಲಿ ಅರ್ಧಕ್ಕರ್ಧ ಹಾಲುಹಲ್ಲಿನ ಮಕ್ಕಳ ಮುಂದೆ. ಸುಮ್ಮನೆ ದೊಪ್ಪನೆ ಬಿದ್ದು ಸಾಯುವ ಪೈಕಿ ಅವನಲ್ಲ. ಹೊಟ್ಟೆ ಹಿಡಿದುಕೊಂಡು ಮೊಣಕಾಲೂರಿ, ಬಾಯಲ್ಲಿಟ್ಟುಕೊಂಡ ಕೆಂಪು ಬಣ್ಣದ ಪೊಟ್ಟಣ ಕಚ್ಚಿ ಗಡ್ಡದ ಮೇಲೆಲ್ಲ ಇಳಿಸಿಕೊಂಡು, ಹತ್ತು ಗಜ ತೆವಳಿ, ಹಗ್ಗದಾಚೆ ಐಸ್‌ಕ್ರೀಮ್ ನೆಕ್ಕುತ್ತ ನಿಂತ ಯಾವುದಾದರೂ ಮಗುವಿನ ಕಾಲಬುಡದಲ್ಲಿ ಪ್ರಾಣ ಬಿಡುವವನು. "ಇನ್ನೊಂದ್ಸಲ ಸಾಯಿ" ಎಂದು ಮಕ್ಕಳು ದುಂಬಾಲು ಬೀಳುತ್ತಿದ್ದವು. ಅಪ್ಪಅಮ್ಮಂದಿರು ಮೊಟ್ಟೆಯ ಸ್ಯಾಂಡ್‌ವಿಚ್ ತಿನ್ನುತ್ತ, ಮಕ್ಕಳು ಇತಿಹಾಸ ಕಲಿಯುತ್ತಿವೆಯೆಂದು ಸಮಾಧಾನಪಡುತ್ತಿದ್ದರು. ಸಾವಿರ ವರ್ಷದ ಹಿಂದೆ ಹಡಗಿನಲ್ಲಿ ಬಂದ ದರೋಡೆಕೋರರು ಇವರ ಪೂರ್ವಿಕರನ್ನು ಕುತ್ತಿಗೆ ಕಡಿದು ಹಾಕಿದ್ದು ಈಗ ಸಂಸಾರ ಸಮೇತ ನೋಡುವ ಸಂಗತಿ. ಹಳತಾದರೆ ಯಾವ ಕೊಲೆಯಾದರೂ ಪಿಕ್ನಿಕ್ಕಿಗೆ ಒದಗಿಬರುತ್ತದೆ.

ಆ ಹಳೆಯ ಕಾಳಗವನ್ನು ವೇಷ ಹಾಕಿ ಆಡಿ ತೋರಿಸುವ ತಂಡ ಲೆನ್‌ನದು. ಆಟವೆಂದರೂ ಅದು ಮೈಮುಟ್ಟುವ ಆಟ. ಕತ್ತಿಗಳಿಗೆ ಹರಿತವಿಲ್ಲ, ನಿಜ. ಆದರೆ ಕಬ್ಬಿಣ ಕಬ್ಬಿಣವೇ. ಐದು ವರ್ಷದಲ್ಲಿ ಲೆನ್‌ನ ಎರಡು ಪಕ್ಕೆಲುಬು ಬಿರುಕು ಬಿಟ್ಟಿದ್ದವು, ಹೆಬ್ಬೆರಳು ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ತಂಡದಲ್ಲಿ ಪೋಸ್ಟ್‌ಮನ್ ಇದ್ದ, ಹಲ್ಲಿನ ಡಾಕ್ಟರಿದ್ದಳು, ಲಾರಿ ಓಡಿಸುವವರಿದ್ದರು. ಎಲ್ಲರೂ ವಾರವಿಡೀ ನುಂಗಿಕೊಂಡ ಸಿಟ್ಟನ್ನು ಭಾನುವಾರ ಗುರಾಣಿಗಳ ಮೇಲೆ ಕಕ್ಕುತ್ತಿದ್ದರು. ಇವರಲ್ಲೊಂದು ಕಟ್ಟಳೆ. ತೀರ್ಪು ಕೊಡಲು ಯಾರೂ ಇಲ್ಲ. ಏಟು ಬಿತ್ತೋ ಇಲ್ಲವೋ ಎನ್ನುವುದನ್ನು ಏಟು ತಿಂದವನೇ ಒಪ್ಪಿಕೊಂಡು ಬೀಳಬೇಕು. ಒಪ್ಪದೆ ನಿಂತವನ ಜೊತೆ ಮುಂದೆ ಯಾರೂ ಕಾದಾಡುವುದಿಲ್ಲ. ತಂಡದ ಒಡತಿ ಮಾರೀನ್, ಇತಿಹಾಸ ಕಲಿಸಿ ನಿವೃತ್ತಳಾದ ಮೇಷ್ಟ್ರಮ್ಮ, ಹೊಸಬರಿಗೆ ಮೊದಲು ಕಲಿಸುವುದೇ ಇದನ್ನು. ಲೆನ್‌ನಷ್ಟು ಸಲೀಸಾಗಿ ಒಪ್ಪಿಕೊಳ್ಳುವವನು ಇನ್ನೊಬ್ಬನಿಲ್ಲ ಎಂದು ಅವಳು ಹೊಗಳುತ್ತಿದ್ದಳು.

ಅವಳಿಗೇನು ಗೊತ್ತು ಪಾಪ. ಮೂವತ್ತೊಂದು ವರ್ಷ ಕಸಾಯಿಖಾನೆಯಲ್ಲಿ ದನ ಕೊಯ್ದ ಕೈ ಅದು. ಬೆಳಗ್ಗೆ ಆರರಿಂದ ಕೊಯ್ದು, ಮೂರಕ್ಕೆ ಕೈ ತೊಳೆದು, ಏಳರವರೆಗೆ ಕುಡಿದು, ಮನೆಗೆ ಬಂದು ಹೆಂಡತಿ ಎನಿಡ್‌ಳಿಗೆ ಬಡಿಯುತ್ತಿದ್ದ. ಸಾರು ತಣ್ಣಗಾದರೆ ಬಡಿತ, ಬಿಸಿಯಾದರೂ ಬಡಿತ. ಮಗಳು ಹೀದರ್ ಅಡ್ಡ ಬಂದರೆ ಅವಳಿಗೆ ಬೆಲ್ಟು. ಒಂಬತ್ತು ವರ್ಷದ ಆ ಹುಡುಗಿಗೆ ಒಮ್ಮೆ ಬಿಟ್ಟ ಏಟಿಗೆ ಎಡಗಿವಿಯೊಳಗೆ ಏನೋ ಹರಿದುಹೋಯಿತು. ಇವತ್ತಿಗೂ ಆ ಕಿವಿ ಅರ್ಧ ಕೇಳುವುದಿಲ್ಲ. ಆಸ್ಪತ್ರೆಯಲ್ಲಿ ಎನಿಡ್, ಮಗು ಮೆಟ್ಟಿಲಿನಿಂದ ಬಿತ್ತು ಎಂದಳು. ಲೆನ್ ಪಕ್ಕದಲ್ಲೇ ನಿಂತು ತಲೆಯಾಡಿಸಿದ. ಇಂಥವನನ್ನು ಕಂಡರೆ ನನಗೂ ಮೈ ಉರಿಯುತ್ತದೆ, ಆದರೆ ಕಥೆ ಅವನದೇ ಆಗಿರುವುದರಿಂದ ಹೇಳಿಯೇ ತೀರಬೇಕು.

ಎಂಟು ವರ್ಷದ ಕೆಳಗೆ ಎನಿಡ್ ತೀರಿಕೊಂಡಳು. ಮಣ್ಣು ಮಾಡಿದ ದಿನ ಹೀದರ್ ಗುಂಡಿಯ ಆಚೆ ದಡದಲ್ಲಿ ನಿಂತಿದ್ದು, ಒಂದು ಮಾತೂ ಆಡದೆ ಹೊರಟುಹೋದಳು. ಲೆನ್ ಅಂದಿನಿಂದ ಕುಡಿತ ಬಿಟ್ಟ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಮೊಮ್ಮಗ ಹುಟ್ಟಿದ ಸುದ್ದಿ ಬೇರೆಯವರ ಬಾಯಿಂದ ಕೇಳಿದ. ರೂಬೆನ್ ಅಂತೆ ಹೆಸರು. ಐದು ವರ್ಷ ಹೀದರ್‌ಗೆ ಪತ್ರ ಬರೆದ. ಹವಾಮಾನ, ಕೋಟೆ, ಕತ್ತಿ, ಎಲ್ಲ ಬರೆದ, ಬರೆಯಬೇಕಾದ್ದೊಂದನ್ನು ಬಿಟ್ಟು. ಕೊನೆಗೆ ಆಗಸ್ಟ್‌ನಲ್ಲಿ ಫೋನಿಗೆ ಅವಳಿಂದ ಮೂರು ಸಾಲು ಬಂತು: "ಭಾನುವಾರ ರೂಬೆನ್‌ನ ಕರ್ಕೊಂಡು ಬರ್ತೀನಿ. ನೀನು ಯಾರು ಅಂತ ಅವನಿಗೆ ಹೇಳಿಲ್ಲ. ನಿನ್ನ ನೋಡಿದ ಮೇಲೆ ಹೇಳೋದಾ ಬೇಡ್ವಾ ಅಂತ ಯೋಚಿಸ್ತೀನಿ."

ಅರವತ್ತಾರರ ಆ ಗಟ್ಟಿಜೀವ ಮೂರು ರಾತ್ರಿ ನಿದ್ದೆಗೆಟ್ಟಿತು. ಆ ಹುಡುಗನ ಬಾಯಲ್ಲಿ ಒಂದು ಸಲ ತಾತ ಅನ್ನಿಸಿಕೊಂಡರೆ ಸಾಕು, ಬೇರೇನೂ ಬೇಕಿರಲಿಲ್ಲ.

ಭಾನುವಾರ ಬಿಸಿಲಿತ್ತು, ಜೊತೆಗೆ ಗಾಳಿ. ಟಿಕೆಟ್ ಕೊಡುವ ಬಾಗಿಲ ಹತ್ತಿರ ಹೀದರ್ ಮಗನ ಕೈ ಹಿಡಿದು ನಿಂತಿದ್ದಳು. ಅಂಗಡಿಯಲ್ಲಿ ಆಗಲೇ ಅವನಿಗೊಂದು ಮರದ ಕತ್ತಿ ಕೊಡಿಸಿಯಾಗಿತ್ತು.

"ಇವ್ರು ಲೆನ್" ಎಂದಳು ಮಗನಿಗೆ. ಅಷ್ಟೇ.

"ನೀವು ಒಳ್ಳೆಯೋರಾ, ಕೆಟ್ಟೋರಾ?" ಎಂದ ರೂಬೆನ್, ಲೆನ್ ತೊಟ್ಟಿದ್ದ ಉಕ್ಕಿನ ಕೊಂಡಿಗಳ ಅಂಗಿಯನ್ನು ಮುಟ್ಟಿ ನೋಡುತ್ತ.

"ಕೆಟ್ಟೋನು ಕಣೋ ಮರಿ."

"ತುಂಬಾನಾ?"

"ಇಲ್ಲಿರೋರ್ಗೆಲ್ಲ ಅಪ್ಪ ನಾನೇ."

ಹುಡುಗ ನಕ್ಕ. ಹೀದರ್ ನಗಲಿಲ್ಲ.

ಕಾಳಗ ಆವತ್ತು ಎಂದಿಗಿಂತ ಜೋರಾಗಿತ್ತು. ಎರಡು ಸಾಲೂ ಓಡಿ ಬಂದು ಗುರಾಣಿಗೆ ಗುರಾಣಿ ಅಪ್ಪಳಿಸಿದಾಗ ಎದುರಿನ ಹಲಗೆಯೊಂದು ಸೀಳಿಯೇಹೋಯಿತು. ಪೋಸ್ಟ್‌ಮನ್ ಕೋಲಿನ್‌ನ ಕೊಡಲಿ ಲೆನ್‌ನ ಭುಜದ ಮೇಲೆ ಬಿತ್ತು. ಲೆನ್ ಗುರಾಣಿಯ ಅಂಚಿನಿಂದ ಕೋಲಿನ್‌ನ ಎದೆಗೆ ಗುದ್ದಿ ಮಣ್ಣು ಮುಕ್ಕಿಸಿದ. ಯಾರದೋ ಮೂಗು ನಿಜವಾಗಿ ಒಡೆಯಿತು. ಬಿದ್ದವರನ್ನು ತುಳಿದುಕೊಂಡು ನಿಂತವರು ಬಡಿದಾಡಿದರು. ಮಾರೀನ್ ಮೈಕಿನಲ್ಲಿ, ಆ ಕಾಲದಲ್ಲಿ ಸತ್ತವರ ಕಾಲ ಮೇಲೇ ಹೆಚ್ಚು ಗಾಯಗಳಿರುತ್ತಿದ್ದವು ಮಕ್ಕಳೇ, ಯಾಕೆ ಹೇಳಿ ನೋಡೋಣ, ಎಂದು ಪಾಠ ಮಾಡುತ್ತಿದ್ದಳು.

ಕೊನೆಯಲ್ಲಿ ವಾಡಿಕೆಯಂತೆ ಮಕ್ಕಳ ದಾಳಿ. ಹಗ್ಗ ಇಳಿಸುತ್ತಾರೆ, ಮರದ ಕತ್ತಿ ಹಿಡಿದ ಅರವತ್ತು ಎಪ್ಪತ್ತು ಮಕ್ಕಳು ಕಿರುಚಿಕೊಂಡು ನುಗ್ಗುತ್ತವೆ, ಗಡ್ಡದ ಗಂಡಸರೆಲ್ಲ ಅವುಗಳ ಕೈಲಿ ಸತ್ತು ಬೀಳಬೇಕು. ಮುಖ ಕಾಣದಿದ್ದರೆ ಮಕ್ಕಳಿಗೆ ಮಜಾ ಇರುವುದಿಲ್ಲವೆಂದು ಲೆನ್ ಮಾತ್ರ ಶಿರಸ್ತ್ರಾಣ ತೆಗೆದಿಡುತ್ತಿದ್ದ. ಅವನದೊಂದು ಸೊಗಸು ಬೇರೆ ಇತ್ತು: ಎದುರಿಗೆ ಬಂದ ಮಗುವಿನ ಕೈ ಹಿಡಿದು, ತನ್ನ ಇನ್ನೊಂದು ಕೈಯನ್ನು ಆಕಾಶಕ್ಕೆತ್ತಿ ಒಮ್ಮೆ ಗರ್ಜಿಸುವುದು, ಆಮೇಲೆ ಬೀಳುವುದು. ಐದು ವರ್ಷದಿಂದ ಮಕ್ಕಳು ಅದಕ್ಕೆ ಕೇಕೆ ಹಾಕಿದ್ದವು. ರೂಬೆನ್ ಓಡಿಬಂದಾಗ, ಎಲ್ಲ ಮಕ್ಕಳಿಗೂ ಮಾಡುವುದನ್ನು ಇವನಿಗೆ ಇನ್ನೂ ಚೆನ್ನಾಗಿ ಮಾಡಿ ತೋರಿಸಬೇಕೆಂದು ಆ ದಡ್ಡನಿಗೆ ಹೊಳೆಯಿತು. ಹುಡುಗನ ಮಣಿಕಟ್ಟು ಹಿಡಿದ. ಅಂಗೈ ಬಿಚ್ಚಿ ಕೈ ಎತ್ತಿದ. ಗರ್ಜಿಸಿದ.

ಹೀದರ್ ಯಾವಾಗ ಓಡಿ ಬಂದಳೋ ಅವನು ನೋಡಲಿಲ್ಲ. ಮಗನ ಕೈಯಿಂದ ಕತ್ತಿ ಕಿತ್ತುಕೊಂಡು ಮೊದಲ ಏಟನ್ನು ಎತ್ತಿದ ಕೈಗೇ ಹೊಡೆದಳು. ಬೆರಳು ಲಟಕ್ಕೆಂದಿತು. ಎರಡನೆಯದು ಹುಬ್ಬಿಗೆ. ಮೂರನೆಯದು ಎಡಗಿವಿಗೆ. ಲೆನ್ ಮೊಣಕಾಲ ಮೇಲೆ ಕುಸಿದ. ಕಿವಿಗೆ ಮತ್ತೊಂದು, ಬಾಯಿಗೆ ಒಂದು, ಮತ್ತೆ ಕಿವಿಗೆ. ಪ್ರತಿ ಏಟಿಗೂ ಅವಳ ಗಂಟಲಿನಿಂದ ದನಿ ಬರುತ್ತಿತ್ತು, ಮಾತಿರಲಿಲ್ಲ. ಹಲ್ಲೊಂದು ನಾಲಗೆಯ ಮೇಲೆ ಬಂದು ಕೂತಿತು. ರಕ್ತ ಕಣ್ಣಿಗಿಳಿದು ಏನೂ ಕಾಣದಾಯಿತು.

ಜನ ಚಪ್ಪಾಳೆ ತಟ್ಟುತ್ತಿದ್ದರು. ಮಕ್ಕಳ ದಾಳಿಯಲ್ಲಿ ಅಮ್ಮಂದಿರೂ ಸೇರಿಕೊಳ್ಳುವುದು ಅಲ್ಲಿ ಹೊಸತೇನಲ್ಲ, ಲೆನ್ ನರಳುವುದಂತೂ ಮೊದಲೇ ಹೊಸತಲ್ಲ. "ಅಮ್ಮಂದಿರ ಸೈನ್ಯವೂ ಬಂತು ನೋಡಿ" ಎಂದು ಮಾರೀನ್ ಮೈಕಿನಲ್ಲಿ ನಕ್ಕಳು. ಸತ್ತು ಮಲಗಿದ್ದ ಕೋಲಿನ್ ಪಕ್ಕದಲ್ಲೇ ಒಂದು ಕಣ್ಣು ತೆರೆದು, "ಸಾಕು ಬೀಳೋ ಮಾರಾಯ, ಎಷ್ಟೊತ್ತು ಆಡ್ತೀಯ" ಎಂದ.

ನಿಲ್ಲಿ ಎಂದು ಒಂದು ಕೂಗು ಹಾಕಿದ್ದರೆ ಮೈದಾನದಲ್ಲಿದ್ದವರೆಲ್ಲ ಆಯುಧ ಬಿಟ್ಟು ಓಡಿ ಬರುತ್ತಿದ್ದರು. ನಿಜವಾಗಿ ಗಾಯವಾದಾಗ ಹಾಗೆ ಕೂಗುವುದು ಅವರ ನಿಯಮ. ಲೆನ್ ಕೂಗಲಿಲ್ಲ. ಹೊಡೀಲಿ, ಅಂದುಕೊಂಡ. ಎಷ್ಟು ಬೇಕೋ ಅಷ್ಟು ಹೊಡೀಲಿ. ಅವನಿಗೆ ಒಂದು ಬಗೆಯ ನೆಮ್ಮದಿಯೇ ಆಯಿತೆಂದರೆ ನಂಬಬೇಕು. ಹೀಗೇ ಸತ್ತರೂ ಲೆಕ್ಕ ಚುಕ್ತಾ ಎಂದು ಅವನ ಎಣಿಕೆ.

ತೋಳಿನಿಂದ ಕಣ್ಣೊರೆಸಿಕೊಂಡಾಗ ಅವಳ ಹಿಂದೆ ರೂಬೆನ್ ಕಂಡ. ಹುಡುಗ ಕಿವಿ ಮುಚ್ಚಿಕೊಂಡು ಸೆಟೆದು ನಿಂತಿದ್ದ. ಚಡ್ಡಿ ಒದ್ದೆಯಾಗಿ ಕಾಲಿಗೆ ಅಂಟಿತ್ತು. ನೋಡುತ್ತಿದ್ದದ್ದು ಲೆನ್‌ನನ್ನಲ್ಲ, ಅಮ್ಮನನ್ನು. ಹಳೆಯ ಮನೆಯ ಅಡುಗೆಮನೆಯ ಬಾಗಿಲಲ್ಲಿ ನಿಂತು ಹೀದರ್ ತನ್ನನ್ನು ನೋಡುತ್ತಿದ್ದದ್ದು ಇದೇ ಕಣ್ಣುಗಳಿಂದ. ತಾನು ತಿನ್ನುತ್ತಿದ್ದ ಏಟುಗಳೆಲ್ಲ ಆ ಮಗುವಿಗೆ ಬೀಳುತ್ತಿದ್ದವು.

"ನಿಲ್ಲಿ" ಎಂದು ಅರಚಿದ. "ನಿಲ್ಲಿ, ನಿಲ್ಲಿ."

ಮೈದಾನದುದ್ದಕ್ಕೂ ಕಬ್ಬಿಣ ಹುಲ್ಲಿನ ಮೇಲೆ ಬಿತ್ತು. ಹೀದರ್ ಎತ್ತಿದ ಕತ್ತಿಯೊಂದಿಗೆ ಹಾಗೇ ನಿಂತಳು. ಮಾರೀನ್ ಮೈಕು ಬಿಸಾಡಿ ಓಡಿ ಬಂದು ಅವನ ಮುಖ ಹಿಡಿದು ನೋಡಿದಳು. "ಅಯ್ಯೋ ಲೆನ್, ಇದು ಬಣ್ಣ ಅಲ್ಲ."

ಅವನು ಮೊದಲು ನೋಡಿದ್ದು ಹುಡುಗನನ್ನು. ಒಡೆದ ತುಟಿಯಲ್ಲೇ ನಗಲು ಹೋದ. "ಆಟ ಕಣೋ ಮರಿ. ನಂಗೇನೂ ಆಗಿಲ್ಲ."

"ಹಾಗನ್ಬೇಡ" ಎಂದಳು ಹೀದರ್. "ನಮ್ಮನೇಲಿ ಯಾವತ್ತೂ ಯಾರಿಗೂ ಏನೂ ಆಗಿರ್ಲಿಲ್ಲ. ಅಮ್ಮನಿಗೆ ಏನೂ ಆಗಿಲ್ಲ, ನಂಗೇನೂ ಆಗಿಲ್ಲ, ಮೆಟ್ಟಿಲಿಂದ ಬಿದ್ದೆ. ನನ್ನ ಮಗನಿಗೆ ಸುಳ್ಳು ಹೇಳ್ಬೇಡ."

ಲೆನ್ ಹಲ್ಲನ್ನು ಅಂಗೈಗೆ ಉಗಿದ. ನೂರಾರು ಜನ ನೋಡುತ್ತಿದ್ದರು. ಅವನಿಗೆ ಅದು ಗೊತ್ತಿತ್ತು.

"ನೋವಾಯ್ತು ಮರಿ. ತುಂಬಾ ನೋವಾಯ್ತು."

"ಅಮ್ಮ ಯಾಕೆ ಹೊಡೆದ್ಲು?"

"ಅವಳು ನಿನ್ನಷ್ಟಿದ್ದಾಗಿಂದ ನಾನು ಅವಳಿಗೆ ಹೊಡೀತಿದ್ದೆ. ಕೈಲಿ, ಬೆಲ್ಟಲ್ಲಿ. ಅವಳ ಕಿವಿ ಹಾಳು ಮಾಡಿದ್ದು ನಾನೇ. ಅವಳದ್ದೇನೂ ತಪ್ಪಿರ್ಲಿಲ್ಲ."

ಮಾರೀನ್ ಅವನ ಮುಖದಿಂದ ಕೈ ತೆಗೆದಳು. ಕೋಲಿನ್ ನೆಲ ನೋಡಿದ. ಮೂವತ್ತು ವರ್ಷ ಕಾದ ಮಾತು ಕಿವಿಗೆ ಬಿದ್ದದ್ದೇ ಹೀದರ್ ಹುಲ್ಲಿನ ಮೇಲೆ ಕೂತುಬಿಟ್ಟಳು. ಮಗನನ್ನು ಎಳೆದುಕೊಂಡು, ಒದ್ದೆ ಚಡ್ಡಿಯ ಸಮೇತ ತೊಡೆಯ ಮೇಲೆ ಕೂರಿಸಿಕೊಂಡಳು. "ಅಮ್ಮ ಹೊಡೆದಿದ್ದೂ ತಪ್ಪೇ ಕಣೋ" ಎಂದಳು. "ಹೆದ್ರಿಸಿಬಿಟ್ಟೆ ನಿನ್ನ. ತಪ್ಪಾಯ್ತು."

ಹುಡುಗ ಬಹಳ ಹೊತ್ತು ಅತ್ತು, ಆಮೇಲೆ ಲೆನ್ ಕಡೆ ತಿರುಗಿದ. "ನೀವ್ಯಾರು?"

ಲೆನ್ ಹೀದರ್ ಕಡೆ ನೋಡಿದ. ಅದು ಅವನು ಹೇಳುವ ಮಾತಾಗಿರಲಿಲ್ಲ.

"ನಮ್ಮಪ್ಪ" ಎಂದಳು ಹೀದರ್. ತಾತ ಅನ್ನಲಿಲ್ಲ. ಎದ್ದು, ಮಗನನ್ನು ಸೊಂಟಕ್ಕೇರಿಸಿಕೊಂಡು, ಕಾರಿನ ಬೀಗದ ಕೈ ಹುಡುಕಿದಳು. "ಏಳು, ಆಸ್ಪತ್ರೆಗೆ ಹೋಗೋಣ. ಅಲ್ಲಿ ಕೇಳಿದ್ರೆ ನಾನು ಹೊಡೆದೆ ಅಂತಾನೇ ಹೇಳ್ತೀನಿ. ಮುಂದಿನ ಸೀಟಲ್ಲಿ ಕೂತ್ಕೊ. ಹಿಂದೆ ಇವನ ಪಕ್ಕ ಬೇಡ."

ಲೆನ್ ಮುಂದಿನ ಸೀಟಿನಲ್ಲಿ ಕೂತ.