ದಾರ ಕಟ್ಟಿದ ಬಂದೂಕು

ಭಾನುವಾರ ಬೆಳಿಗ್ಗೆ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ಮೊಳಕಾಲ್ಮೂರಿನಲ್ಲಿ, ಹೆಂಡತಿಯ ತವರುಮನೆಯಲ್ಲಿ, ನನ್ನ ಭಾವಮೈದ ಗೋಡೆಯ ಮೇಲಿನ ಬಂದೂಕು ಇಳಿಸಿದ್ದು ಆಗ. ನಾನು ಗಡಿಯಾರ ನೋಡಿದ್ದು ಚಳ್ಳಕೆರೆಗೆ ವಾಪಸು ಬರುವ ಬಸ್ಸಿನ ಯೋಚನೆಯಲ್ಲಿ. ಈಗ ಆ ಹೊತ್ತು ತಲೆಯಿಂದ ಇಳಿಯುವುದೇ ಇಲ್ಲ.

ನನ್ನ ಮಗಳು ಕಾಲೇಜಿನ ಶಿಬಿರದಲ್ಲಿ ಗುರಿ ಹೊಡೆದು ಬಂದಿದ್ದಳು. ರುಚಿ ಹತ್ತಿತ್ತು. ಕಾಗದದ ಗುರಿಗೆ ಹೊಡೆಯಲು ತನ್ನದೇ ಒಂದು ಬಂದೂಕು ಬೇಕೆಂದು ಹಟ. ನಾನು ಓದಿ, ವಿಚಾರಿಸಿ, ಮೊದಲಿಗೆ ಲೈಸೆನ್ಸ್ ಬೇಡದ ಹಗುರವಾದ ಏರ್‌ಗನ್ ಸಾಕು ಎಂದುಕೊಂಡಿದ್ದೆ. ಭಾವಮೈದ ನಕ್ಕುಬಿಟ್ಟ.

"ಅದ್ನ ನೋಡಿದ್ರೆ ಕಡ್ಲೆಕಾಯಿ ಹೊಲಕ್ಕೆ ಬರೋ ಹಂದಿನೂ ನಗ್ತವೆ ಭಾವ. ಬಾರವ್ವ, ನಿಮ್ಮ ತಾತನ ಬಂದೂಕು ಹಿಡಿ. ಹೆಗಲಿಗಿಟ್ಟು ನೋಡು."

"ಖಾಲಿ ಐತಾ ಮಾವ?"

"ಮಾವನ ಮ್ಯಾಲೆ ಅಷ್ಟೂ ನಂಬ್ಕೆ ಇಲ್ಲೇನು?"

ಬೆಳೆ ಕಾಯಲೆಂದು ಲೈಸೆನ್ಸ್ ಪಡೆದಿದ್ದ ಒಂಟಿ ನಳಿಗೆಯ ಬಂದೂಕು ಅದು. ಆಯುಧಪೂಜೆಯ ಕುಂಕುಮ ಇನ್ನೂ ಅಂಟಿತ್ತು. ನಳಿಗೆ ಮಡಚಿ ತೆರೆಯುವ ಕಡೆ ಅರಿಶಿನದ ದಾರ ಸುತ್ತಿತ್ತು. ಮಗಳು ತೆರೆದು ನೋಡಲು ಹೋದಳು. ಅವನು ಕೈ ತಡೆದ. "ದಾರ ಬಿಚ್ಚಬ್ಯಾಡ, ದೀಪಾವಳಿ ತನ್ಕ ಇರ್ಬೇಕು." ತಾನೇ ಕುದುರೆ ಹಿಂದಕ್ಕೆಳೆದು ಸಜ್ಜು ಮಾಡಿ ಕೈಗಿಟ್ಟ. "ಆ ಕ್ಯಾಲೆಂಡರ್‌ಗೆ ಗುರಿ ಹಿಡಿ. ಒತ್ತು, ಏನಾಗಲ್ಲ."

ಕ್ಯಾಲೆಂಡರಿನ ಪಕ್ಕದಲ್ಲೇ ಅಡುಗೆಮನೆಯ ಬಾಗಿಲು. ನನ್ನ ಹೆಂಡತಿ ಮಂಡಕ್ಕಿ ತಟ್ಟೆ ಹಿಡಿದು ಹೊರಗೆ ಬಂದಳು. ಮೇಲಿಟ್ಟಿದ್ದ ಮೆಣಸಿನಕಾಯಿ ಬಜ್ಜಿ ಜಾರಿ ಬಿತ್ತು. ಎತ್ತಿಕೊಳ್ಳಲು ಬಗ್ಗಿದಳು.

ಗುಂಡಿನ ಸದ್ದು ನಿಂತ ಮೇಲೆ ನೋಡಿದರೆ, ಅವಳ ತಲೆ ಇದ್ದ ಎತ್ತರದಲ್ಲಿ ಬಾಗಿಲ ಚೌಕಟ್ಟು ಸೀಳಿತ್ತು. ಅವಳು ಬಜ್ಜಿ ಹಿಡಿದು ನೆಲದ ಮೇಲೆ ಕೂತಿದ್ದಳು. ಮಗಳು "ಅವ್ವಾ" ಎಂದು ಬಂದೂಕು ನೆಲಕ್ಕಿಟ್ಟು ಅವಳತ್ತ ಓಡಿದಳು.

"ತೆಗ್ದಿದ್ದೆ ಅನ್ಕಂಡಿದ್ದೆ ಭಾವ," ಎಂದ ಭಾವಮೈದ.

ಆಮೇಲೆ ತಿಳಿಯಿತು. ದೇವರ ಮುಂದೆ ಬರಿದಾದ ಸೇರು ಇಡಬಾರದಲ್ಲ, ಹಾಗೆಯೇ ಬರಿದಾದ ಬಂದೂಕೂ ಇಡಬಾರದು ಎಂಬುದು ಆ ಮನೆಯ ಪದ್ಧತಿ. ಒಂದು ತೋಟಾ ತುಂಬಿ, ದಾರ ಕಟ್ಟಿ ಪೂಜೆ. ದಾರ ಇನ್ನೂ ಬಿಚ್ಚಿಲ್ಲವೆಂದರೆ ತೋಟಾ ಒಳಗೇ ಇದೆ ಎಂಬುದು ಕಟ್ಟಿದವನಿಗೇ ಹೊಳೆದಿರಲಿಲ್ಲ.

ಅಂದಿನಿಂದ ನನಗೆ ನಿದ್ದೆ ತುಂಡು ತುಂಡು. ಕಣ್ಣು ಮುಚ್ಚಿದರೆ ಅದೇ ಬಾಗಿಲು. ಕೆಲವು ಸಲ ಬಜ್ಜಿ ಬೀಳುತ್ತದೆ, ಕೆಲವು ಸಲ ಬೀಳುವುದಿಲ್ಲ. ಹಗಲಲ್ಲಿ ಈರುಳ್ಳಿ ಟ್ರ್ಯಾಕ್ಟರು ಢಬ್ ಎಂದರೂ ಹೆಂಡತಿ ಎಲ್ಲಿದ್ದಾಳೆಂದು ಹುಡುಕುತ್ತಿದ್ದೆ. "ಇಲ್ಲೇ ಇದೀನಿ ಕಣ್ರೀ, ಎಷ್ಟು ಸಲ ನೋಡ್ತೀರಿ" ಎಂದು ಅವಳಿಗೂ ಸಾಕಾಗಿತ್ತು.

ಮಗಳು ಬಂದೂಕಿನ ಮಾತೆತ್ತಲೇ ಇಲ್ಲ. ಬೇಸಿಗೆ ರಜೆಯಲ್ಲಿ ಅವಳನ್ನು ದಾವಣಗೆರೆಯ ಅಂಗಡಿಗೆ ಹೊರಡಿಸಿದ್ದು ಅವಳವ್ವನೇ. "ನನ್ನಿಂದ ಬಿಟ್ಲು ಅನ್ನೋ ಮಾತು ನನಗೆ ಬ್ಯಾಡ." ಅಂಗಡಿಯವನು ದುರ್ಬೀನು ಕೂರಿಸಿದ ಭಾರದ ಏರ್‌ಗನ್‌ಗಳನ್ನು ಸಾಲಾಗಿ ಇಟ್ಟ. ಮಗಳು ಒಂದನ್ನೂ ಹೆಗಲಿಗೇರಿಸಲಿಲ್ಲ.

"ಒಳಗೆ ಏನೈತೆ ಅಂತ ಕಣ್ಣಿಗೆ ಕಾಣೋದು ಯಾವ್ದು?"

"ಎಲ್ರೂ ದೂರದ್ದು ಕಾಣ್ಬೇಕು ಅಂತಾರೆ, ನೀವೊಬ್ರೇ ಒಳಗಿಂದು ಕೇಳಿದ್ದು," ಎಂದು ಅವನು ನಕ್ಕು, ನಳಿಗೆ ಬಗ್ಗಿಸಿ ಬಾಯಿ ತೆರೆಯುವ ಹಗುರವಾದ ಒಂದನ್ನು ತೆಗೆದುಕೊಟ್ಟ. ಅವಳು ಬಗ್ಗಿಸಿ ಇಣುಕಿದಳು, ಬೆಳಕಿಗೆ ಹಿಡಿದು ಮತ್ತೆ ಇಣುಕಿದಳು. ಅದನ್ನೇ ತಂದೆವು.

ಮುಂದಿನ ಆಯುಧಪೂಜೆಗೆ ಮೊಳಕಾಲ್ಮೂರಿಗೆ ಹೋದೆವು. ಸೀಳಿದ ಚೌಕಟ್ಟು ಹಾಗೇ ಇತ್ತು. ಮಗಳು ಏರ್‌ಗನ್ನಿನ ಬಾಯಿ ತೆರೆದೇ ದೇವರ ಮುಂದೆ ಇಟ್ಟಳು.

ಭಾವಮೈದ ತಲೆ ಎತ್ತದೆ ಹೇಳಿದ: "ಬರಿದು ಇಡಬಾರ್ದು ಅಂತಿದ್ದ ನಮ್ಮಪ್ಪ."

ಅವಳು ಒಳಗೆ ಹೋಗಿ ಸೇರು ತುಂಬ ಕಡಲೆಕಾಯಿ ತಂದು ಪಕ್ಕಕ್ಕಿಟ್ಟಳು. "ತುಂಬಿರೋದು ಇದು ಇರ್ಲಿ ಮಾವ."

ಅವನು ಅಪ್ಪನ ಬಂದೂಕು ಮಡಚಿ, ತೆರೆದು, ಖಾಲಿ ನಳಿಗೆಯನ್ನು ನನ್ನ ಹೆಂಡತಿಗೆ ತೋರಿಸಿ ಕೆಳಗಿಟ್ಟ. "ದಾರ ಈ ಸಲ ಹಿಡಿಕೆಗೆ ಕಟ್ಟಪ್ಪ," ಎಂದಳು ಅವಳು.

ಆವತ್ತು ಅಲ್ಲೇ ಉಳಿದೆವು. ಬಾಗಿಲಿಗೆ ಎದುರಾಗಿಯೇ ನನ್ನ ಹಾಸಿಗೆ. ಕಣ್ಣು ಬಿಟ್ಟಾಗ ಬಿಸಿಲು ಚೌಕಟ್ಟಿನ ಮೇಲೆ ಬಿದ್ದಿತ್ತು, ಅಡುಗೆಮನೆಯಿಂದ ಹೆಂಡತಿ ಕೂಗುತ್ತಿದ್ದಳು: "ಏಳ್ರೀ, ಕಾಫಿ ಆರೋಯ್ತು."