ಬೈಂಡಿಂಗ್ ಅಕ್ಕನ ಭಾನುವಾರ

ಪುಕ್ಕಟೆ ಕಲಿಸುತ್ತೇನೆಂದು ಯಾರಾದರೂ ಬಾಗಿಲಿಗೆ ಬಂದರೆ ನಾನು ಮೊದಲು ಅವರ ಕೈ ನೋಡುತ್ತೇನೆ, ಆಮೇಲೆ ಮುಖ. ಬೈಂಡಿಂಗ್ ಅಕ್ಕ ನನ್ನ ಇಸ್ತ್ರಿ ಅಂಗಡಿಗೆ ಬಂದು, "ಭಾನುವಾರ ಮಧ್ಯಾಹ್ನ ನಮ್ಮನೆಗೆ ಬಾರೆ, ಹೆಂಗಸರೆಲ್ಲ ಸೇರಿ ಓದೋಣ" ಎಂದಾಗಲೂ ಹಾಗೇ ನೋಡಿದೆ. ಬೆರಳಿಗೆ ಒಣಗಿ ಹಿಡಿದ ಅಂಟು ಬಿಟ್ಟರೆ ಕೈಯಲ್ಲಿ ಏನೂ ಇರಲಿಲ್ಲ.

"ಇದರಿಂದ ನಿನಗೇನು ಸಿಗುತ್ತೆ?" ಎಂದೆ.

"ನನಗೇನೂ ಸಿಗಲ್ಲ ಕಣೆ."

ಅಲ್ಲಿಗೆ ನನ್ನ ಅನುಮಾನ ಇನ್ನೂ ಜಾಸ್ತಿಯಾಯಿತು. ಏನೂ ಸಿಗದೆ ಬಿಸಿಲಲ್ಲಿ ಬಾಗಿಲು ಬಾಗಿಲು ಸುತ್ತುವವರನ್ನು ನಾನಂತೂ ನೋಡಿರಲಿಲ್ಲ.

ಅವಳು ಹುಡುಗಿಯಾಗಿದ್ದಾಗಲೇ ಪ್ರೆಸ್ಸಿಗೆ ಸೇರಿದವಳು. ಅಚ್ಚಾದ ದೊಡ್ಡ ಹಾಳೆಯನ್ನು ಮಡಿಸಿದರೆ ಹದಿನಾರು ಪುಟವಾಗುತ್ತದೆ, ಅದಕ್ಕೆ ಅವರು ಫಾರಂ ಎನ್ನುತ್ತಾರೆ. ಫಾರಂಗಳನ್ನು ಜೋಡಿಸಿ ಹೊಲಿಯುವುದು, ರಟ್ಟು ಅಂಟಿಸುವುದು ಅವಳ ಕೆಲಸ. ಸೇರಿದ ಹೊಸದರಲ್ಲಿ ಒಂದು ಇಡೀ ಕಟ್ಟು ಪುಸ್ತಕಕ್ಕೆ ರಟ್ಟನ್ನು ತಲೆಕೆಳಗಾಗಿ ಅಂಟಿಸಿಬಿಟ್ಟಳು. ಚಿತ್ರವಿಲ್ಲದ ರಟ್ಟು, ಬರೀ ಅಕ್ಷರ. ಯಾವುದು ತಲೆ, ಯಾವುದು ಕಾಲು ಎಂದು ಆ ಪಾಪದವಳಿಗೆ ತಿಳಿಯುವುದಾದರೂ ಹೇಗೆ? ಫೋರ್‌ಮನ್ ಎಲ್ಲರೆದುರು ಮರ್ಯಾದೆ ತೆಗೆದ. ಮರುದಿನದಿಂದ ಊಟದ ಬಿಡುವಿನಲ್ಲಿ ಪ್ರೂಫ್ ನೋಡುವ ಮೇಡಂ ಪಕ್ಕ ಕೂತು ಅಕ್ಷರ ಕಲಿತಳು. ತಲೆ ನೆರೆಯುವ ಹೊತ್ತಿಗೆ ಬೀದಿಯ ಹೆಂಗಸರಿಗೆಲ್ಲ ಅದನ್ನು ಕಲಿಸಬೇಕೆಂಬ ಹುಚ್ಚು ಹತ್ತಿತ್ತು.

ಇದರಲ್ಲಿ ಏನು ಮೋಸವಿದೆ ಎಂದು ನೋಡಲೆಂದೇ ಹೋದೆ. ಹೋದವಳು ಅಲ್ಲೇ ಕೂತೆ.

ಓದಲು ಪುಸ್ತಕ ಇರಲಿಲ್ಲ. ಪ್ರೆಸ್ಸಿನಲ್ಲಿ ಮಸಿ ಚೆಲ್ಲಿದ, ಓರೆಯಾಗಿ ಅಚ್ಚಾದ ಹಾಳೆಗಳನ್ನು ರದ್ದಿಗೆ ಎಸೆಯುತ್ತಿದ್ದರು. ಅಕ್ಕ ಅವನ್ನು ಮಡಿಸಿ ಚೀಲದಲ್ಲಿ ತರುತ್ತಿದ್ದಳು. ಹಾಗಾಗಿ ಯಾವ ಕಥೆಯೂ ಪೂರ್ತಿ ಇರುತ್ತಿರಲಿಲ್ಲ. ಮದುವೆ ಮುರಿದುಬಿತ್ತು ಎಂಬಲ್ಲಿಗೆ ಒಂದು ಫಾರಂ ಮುಗಿದರೆ, ಕೈಗೆ ಸಿಕ್ಕ ಇನ್ನೊಂದರಲ್ಲಿ ಅದೇ ಹುಡುಗಿ ಎರಡು ಮಕ್ಕಳ ತಾಯಿ.

"ಅಯ್ಯೋ, ಯಾರ ಮಕ್ಕಳೋ!" ಎಂದು ನಮ್ಮ ಜೊತೆ ಓದುತ್ತಿದ್ದ ಟೈಲರಮ್ಮ ಬಾಯಿ ಮೇಲೆ ಕೈಯಿಟ್ಟಳು. ಮೂರು ವಾರ ಆ ಮಕ್ಕಳದೇ ಚರ್ಚೆ. ಅನುಮಾನ ಪಡುವುದರಲ್ಲಿ ನಮ್ಮ ಗುಂಪನ್ನು ಮೀರಿಸಿದವರಿಲ್ಲ. ಮನೆಯಲ್ಲಿ ಮಾತ್ರ ಯಾರೂ ಓದಿನ ಸುದ್ದಿ ಎತ್ತಿರಲಿಲ್ಲ. ಓದಲು ಎಂದರೆ ಮನೆಯವರು ಬಿಡುವುದಿಲ್ಲವೆಂದು, ಕವರ್ ಮಡಿಸುವ ಕೆಲಸಕ್ಕೆ ಹೋಗುತ್ತೇವೆಂದು ಎಲ್ಲರೂ ಕಾಗೆ ಹಾರಿಸಿದ್ದೆವು. ನಾನು ಮೊದಲ ಸಲ ಒಂದು ಸಾಲನ್ನು ಯಾರ ಸಹಾಯವೂ ಇಲ್ಲದೆ ಓದಿ ಮುಗಿಸಿದ ದಿನ ಅಂಗಡಿಗೆ ಬಂದು ಒಬ್ಬಳೇ ಅತ್ತೆ, ಸುಳ್ಳು ಯಾಕೆ ಹೇಳಲಿ. ಇನ್ನು ಇಡೀ ಪುಟ ಓದದೆ ಬಿಡಬಾರದೆಂದು ಅವತ್ತೇ ಹಟ ಹಿಡಿದೆ.

ಒಂದು ಭಾನುವಾರ ಅಕ್ಕ ಖಾಲಿ ಚೀಲ ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಹಾಳೆ ಹೊರಗೆ ಹೋಗುವುದು ಪ್ರೆಸ್ಸಿನ ಯಜಮಾನರಿಗೆ ಗೊತ್ತಾಗಿದೆಯಂತೆ. ಗೇಟಿನಲ್ಲಿ ಚೀಲ ಬಿಚ್ಚಿಸುತ್ತಿದ್ದಾರಂತೆ. ಇನ್ನೊಂದು ಹಾಳೆ ಹೋದರೆ ಅವಳನ್ನು ಕೆಲಸದಿಂದ ತೆಗೆಯುತ್ತಾರಂತೆ.

"ಯಾರು ಹೇಳಿದ್ದು ಅವರಿಗೆ?" ಎಂದಳು ಟೈಲರಮ್ಮ. ಅಕ್ಕ ನೆಲ ನೋಡಿದಳು.

ನನ್ನ ಸುದ್ದಿ ಯಾರೂ ಎತ್ತಲಿಲ್ಲ, ಎತ್ತಬೇಕಾಗಿಯೂ ಇರಲಿಲ್ಲ. ಆ ಯಜಮಾನರ ಕಾರು ಓಡಿಸುವವನು ನನ್ನ ತಮ್ಮ.

"ಏನ್ರೇ, ಎಲ್ಲ ನನ್ನ ಮುಖ ನೋಡ್ತೀರ? ನನ್ನ ತಮ್ಮ ಅವರ ಕಾರು ಓಡಿಸ್ತಾನೆ, ನನ್ನ ಬಾಯಿ ಓಡಿಸಲ್ಲ!"

"ನಾವೇನೂ ಅನ್ನಲಿಲ್ಲವಲ್ಲ," ಎಂದು ಟೈಲರಮ್ಮ ನನ್ನ ಪಕ್ಕದಲ್ಲಿದ್ದ ತನ್ನ ಚೀಲವನ್ನು ಎಳೆದುಕೊಂಡಳು. "ನೀನೇ ಯಾಕೆ ಮೈಮೇಲೆ ಹಾಕ್ಕೊತೀಯ?"

ಅಕ್ಕನ ಕಡೆ ನೋಡಿದೆ. ಇವಳು ಅಂಥವಳಲ್ಲ ಎಂದು ಅವಳು ಒಂದು ಮಾತು ಹೇಳಿದ್ದರೆ ಸಾಕಿತ್ತು. ಹೇಳಲಿಲ್ಲ. ನಾನು ಎದ್ದು ಬಂದೆ.

ಆಮೇಲೆ ಗುಂಪಿನವರ ಮನೆಗಳಿಂದ ಇಸ್ತ್ರಿಗೆ ಬಟ್ಟೆ ಬರುವುದು ನಿಂತಿತು. ನಲ್ಲಿಯ ಹತ್ತಿರ ನಾನು ಹೋದರೆ ಮಾತು ನಿಲ್ಲುತ್ತಿತ್ತು. ಮಾಡದ ತಪ್ಪಿಗೆ ತಲೆ ಮೇಲೆ ಗೂಬೆ ಕೂರಿಸಿದ್ದರು. ಒಬ್ಬಳೇ ಓದೋಣವೆಂದರೆ ಎರಡು ಪದಕ್ಕೆ ತಡವರಿಸಿ ನಿಲ್ಲುತ್ತಿದ್ದೆ. ಕೊನೆಗೆ ನನಗೂ ತಮ್ಮನ ಮೇಲೆ ಅನುಮಾನ ಬಂತು. ಅವನು ಇಸ್ತ್ರಿಗೆಂದು ಅಂಗಿ ತಂದಾಗ ಹಿಡಿದು ನಿಲ್ಲಿಸಿದೆ.

"ನಿಜ ಹೇಳು, ನೀನೇ ಬಾಯಿ ಬಿಟ್ಯಾ?"

"ಅಕ್ಕಾ, ನೀನೂ ಹಂಗೇ ಅಂದ್ಕೊಂಡ್ಯಾ?" ಅವನ ಮುಖ ಚಿಕ್ಕದಾಯಿತು. "ಯಜಮಾನ್ರ ಹತ್ರ ಕೇಳಿಸಿಕೊಂಡಿದ್ದನ್ನ ಹೊರಗೆ ತಂದ್ರೆ ನನ್ನ ಕೆಲಸ ಹೋಗುತ್ತೆ ಅಂತ ಸುಮ್ಮನಿದ್ದೆ. ಯಜಮಾನ್ರಿಗೆ ಹೇಳಿದ್ದು ನಿಮ್ಮ ಬೈಂಡಿಂಗ್ ಅಕ್ಕನೇ. ಕಾರಿನ ಬಾಗಿಲು ಹಿಡ್ಕೊಂಡು ನಾನು ಅಲ್ಲೇ ನಿಂತಿದ್ದೆ. 'ನಮ್ಮ ಹೆಂಗಸರು ಒಂದು ಕಥೆ ಓದ್ತಿದ್ದಾರೆ ಸಾರ್, ಕೊನೇ ಫಾರಂ ಒಂದು ಕೊಡಿ' ಅಂದ್ಲು. ಮಿಕ್ಕಿದ್ದೆಲ್ಲ ಎಲ್ಲಿಂದ ಸಿಕ್ತು ಅಂತ ಅವರು ಕೇಳಿದ್ರು. ಅಷ್ಟೇ ಆಗಿದ್ದು."

ಇಸ್ತ್ರಿಯಾಗದ ಅಂಗಿಯನ್ನೇ ಎತ್ತಿಕೊಂಡು ಹೊರಟುಹೋದ.

ಭಾನುವಾರ ಹೋಗಿ ಅವಳ ಬಾಗಿಲಲ್ಲಿ ನಿಂತೆ. ಮನೆಯಲ್ಲಿ ಉಳಿದಿದ್ದ ಹಳೇ ಹಾಳೆಗಳನ್ನು ಓದುತ್ತಿದ್ದರು. ನನ್ನನ್ನು ಕಂಡು ಓದು ನಿಂತಿತು.

"ಅಕ್ಕ, ಯಜಮಾನ್ರಿಗೆ ಹೇಳಿದ್ದು ಯಾರು?"

ನನಗೇನು ಗೊತ್ತು ಎಂದಿದ್ದರೂ ಎಲ್ಲರೂ ಅವಳನ್ನೇ ನಂಬುತ್ತಿದ್ದರು. ಅವಳು ನನ್ನ ಮುಖ ನೋಡಿ, "ನಾನೇ," ಎಂದಳು. "ಕಥೆ ಕೊನೆ ಕೇಳಕ್ಕೆ ಹೋಗಿದ್ದೆ. ಕೊಡ್ತಾರೆ ಅಂದ್ಕೊಂಡೆ."

"ಮತ್ತೆ ಅವತ್ತು ಯಾಕೆ ಬಾಯಿಗೆ ಬೀಗ ಹಾಕ್ಕೊಂಡೆ?"

"ಗುಟ್ಟು ಬಿಟ್ಟುಕೊಟ್ಟಿದ್ದು ನಾನೇ ಅಂತ ಗೊತ್ತಾಗಿದ್ರೆ, ನಾಳೆ ಮನೆಗಳಿಗೂ ಸುದ್ದಿ ಹೋಗುತ್ತೆ ಅಂತ ಇವರೆಲ್ಲ ಹೆದರಿ ಎದ್ದು ಹೋಗ್ತಿದ್ರು. ನೀನೊಬ್ಬಳು ಹೋದ್ರೆ..."

"ನಾನೊಬ್ಬಳು ಹೋದ್ರೆ? ಪೂರ್ತಿ ಹೇಳು."

"ಗುಂಪು ಉಳಿಯುತ್ತೆ ಅಂದ್ಕೊಂಡೆ."

ಟೈಲರಮ್ಮ ಸದ್ದಿಲ್ಲದೆ ಚೀಲಕ್ಕೆ ಕೈಹಾಕಿದಳು. ಅವಳ ಹಿಂದೆಯೇ ಉಳಿದವರೂ. ಅವತ್ತು ನನ್ನನ್ನು ನೋಡಿದ ಕಣ್ಣುಗಳೆಲ್ಲ ಈಗ ಅಕ್ಕನ ಮೇಲಿದ್ದವು. ನಾನು ತಿರುಗಿ ಹೊರಟಿದ್ದರೆ ಇಡೀ ಮನೆ ನನ್ನ ಹಿಂದೆ ಖಾಲಿಯಾಗುತ್ತಿತ್ತು. ಖಾಲಿಯಾಗಲಿ, ಇವಳಿಗೂ ಗೊತ್ತಾಗಲಿ ಎಂದೇ ಅನ್ನಿಸಿತು. ಆದರೆ ಹೋಗಿ ನಾನು ಓದುವುದು ಎಲ್ಲಿ? ಈ ಬೀದಿಯಲ್ಲಿ ನನಗೆ ಇನ್ನೊಂದು ಬಾಗಿಲು ಇರಲಿಲ್ಲ.

ಒಳಗೆ ಹೋಗಿ ಟೈಲರಮ್ಮನ ಮುಂದಿದ್ದ ಹಾಳೆ ಎತ್ತಿಕೊಂಡೆ.

"ಕೂತ್ಕೊಳ್ರೇ. ಇವತ್ತು ಪುಟ ಪೂರ್ತಿ ನಾನು ಓದ್ತೀನಿ."

ಒಬ್ಬೊಬ್ಬರಾಗಿ ಕೂತರು. ಸಾಲಿನ ಕೆಳಗೆ ಬೆರಳಿಟ್ಟು ಓದಿದೆ. ನಾಲ್ಕು ಸಾಲು ದಾಟಿ ಒಂದು ಉದ್ದನೆಯ ಪದಕ್ಕೆ ಸಿಕ್ಕಿಬಿದ್ದೆ. ಅಕ್ಕ ಎಂದಿನಂತೆ ಮುಂದೆ ಬಾಗಿ ಹೇಳಿಕೊಡಲು ಬಾಯಿ ತೆರೆದಳು.

"ಅವತ್ತು ಸುಮ್ಮನಿದ್ದೆಯಲ್ಲ, ಈಗಲೂ ಸುಮ್ಮನಿರು," ಎಂದೆ.

ಅವಳು ಬಾಯಿ ಮುಚ್ಚಿದಳು. ಆ ಪದ ನನ್ನ ಬಾಯಿಗೆ ಬರುವ ತನಕ ಎಲ್ಲರೂ ಕಾದರು.