ಬೂದಿ ಬೆರೆಸಿದ ತಾರಸಿ

ನಮ್ಮ ತಾರಸಿ ನಿಂತ್ಕೊಂಡ್ತು! ಕೆಳಗೆ ಆಸರೆಗೆ ಕೊಟ್ಟಿದ್ದ ಕಂಬ, ಹಲಗೆ ಎಲ್ಲಾ ಬಿಚ್ಚಿದ್ರು, ಕೂದಲೆಳೆಯಷ್ಟೂ ಬಿರುಕಿಲ್ಲ. ನನ್ನ ಮೊಮ್ಮಗಳು ಬೂದಿ ಬೆರೆಸಿ ಹಾಕಿಸಿದ ತಾರಸಿ! ಆವತ್ತು ಹೊರಮಾವಿನ ಬೀದೀಲಿ ಎದುರಿಗೆ ಬಂದೋರನ್ನೆಲ್ಲ ನಿಲ್ಲಿಸಿ ಇದನ್ನೇ ಹೇಳಿದೆ. ಹಾಲಿನವನಿಗೆ ಹೋಗ್ತಾ ಒಂದ್ಸಲ, ಬರ್ತಾ ಒಂದ್ಸಲ ಹೇಳಿದೆನಂತೆ.

ಅಷ್ಟು ಸಂತೋಷ ಯಾಕೆ ಅಂದ್ರೆ, ನಾನು ನನ್ನ ಜಾಗಕ್ಕೆ ವಾಪಸ್ ಬರಬೇಕಿತ್ತು. ಮಣ್ಣಿನ ಗೋಡೆಯ ಹಳೇ ಮನೆ ಕುಸಿಯೋ ಹಾಗಾಗಿತ್ತು. ಮಗ ಅದನ್ನ ಕೆಡವಿಸಿ ಅಲ್ಲೇ ಹೊಸದು ಕಟ್ಟಿಸ್ತಿದ್ದ. ಅಲ್ಲೀತನಕ ಕಾಕ್ಸ್ ಟೌನಿನಲ್ಲಿ ಬಾಡಿಗೆಗೆ ಇದ್ವಿ. ಬೀದಿ ಒಳ್ಳೇದೇ, ಬೆಳಗಾದ್ರೆ ಬೇಕರಿಯಿಂದ ಬನ್ನಿನ ವಾಸನೆ. ಆದ್ರೆ ಮಹಡಿ ಮೇಲಿನ ಮನೆ, ಬಾಗಿಲು ತೆಗೆದ್ರೆ ಮೆಟ್ಟಿಲು. ರಂಗೋಲಿ ಹಾಕೋಕೆ ನೆಲ ಇಲ್ಲ. ಸಗಣಿ ಸಾರಿಸಿದ ಅಂಗಳ ನೆನಪಾದ್ರೆ ಕೈಲಿದ್ದ ತುತ್ತು ತಟ್ಟೆಗೇ ವಾಪಸ್ ಹೋಗೋದು. ನಮ್ಮ ಯಜಮಾನರಂತೂ ದಿನಾ ಬಸ್ಸು ಹತ್ತಿ, ರೈಲ್ವೆ ಗೇಟಲ್ಲಿ ಕಾದು, ಆ ಅರ್ಧ ಕಟ್ಟಡದ ಮುಂದೆ ಕೂತು ಬರೋರು.

ಮೊಮ್ಮಗಳು ಆಗ ಪಾಲಿಟೆಕ್ನಿಕ್ಕಲ್ಲಿ ಸಿವಿಲ್ ಓದ್ತಿದ್ಲು. ಒಂದಿನ ಬಂದವಳೇ, ತಾರಸಿಗೆ ಸಿಮೆಂಟು ಕಮ್ಮಿ ಮಾಡಿ ಹಾರುಬೂದಿ ಹಾಕ್ಸೋಣ ಅಂದ್ಲು.

"ಮನೆಗೆ ಬೂದಿನಾ? ಆಗದವರು ಬೈಯೋ ಮಾತು ಕಣೇ ಅದು!" ಅಂದೆ.

"ಒಲೆ ಬೂದಿ ಅಲ್ಲಜ್ಜಿ. ರಾಯಚೂರು ಕಡೆ ಕರೆಂಟಿಗೆ ಕಲ್ಲಿದ್ದಲು ಸುಡ್ತಾರಲ್ಲ, ಅದರ ಹೊಗೇಲಿ ಬರೋ ಹಿಟ್ಟಿನಂಥ ಬೂದಿ. ಸಿಮೆಂಟ್ ಜೊತೆ ಸೇರಿದ್ರೆ ಅದೂ ಕಲ್ಲಾಗುತ್ತೆ. ಸಿಮೆಂಟ್ ಕಮ್ಮಿಯಾದಷ್ಟೂ ಸುಣ್ಣಕಲ್ಲಿಗೆ ಗುಡ್ಡ ಅಗೆಯೋದು, ಅದನ್ನ ಸುಡೋದು ಕಮ್ಮಿ. ಇಲ್ದಿದ್ರೆ ಈ ಬೂದಿ ರಾಶಿ ಬಿದ್ದಿರುತ್ತೆ, ಗಾಳಿಗೆ ಯಾರದೋ ಗದ್ದೆ ಮೇಲೆ ಹಾರುತ್ತೆ."

ಗದ್ದೆ ಅಂದಿದ್ದೇ ತಡ, ಯಜಮಾನರು "ಹಾಕ್ಸು" ಅಂದ್ಬಿಟ್ರು. ಕೆರೆ ಕೆಳಗಿನ ನಮ್ಮ ಗದ್ದೆ ಲೇಔಟಾಗಿ ಹೋದ ಮೇಲೆ ಆ ಮಾತು ಕಿವಿಗೆ ಬಿದ್ರೆ ಸಾಕು, ಅವರ ಮುಖವೇ ಬೇರೆ ಆಗೋದು.

ಹಲಸೂರಿನ ಮೇಸ್ತ್ರಿಗೆ ಮಾತ್ರ ಮನಸ್ಸಿರಲಿಲ್ಲ. "ಅಮ್ಮಾ, ವಿಭೂತಿ ಬಳಿದಾಯ್ತು, ಇನ್ನು ಶಿವನೇ ಕಾಪಾಡ್ಬೇಕು" ಅಂತ ನಗೋನು.

ಬೂದಿ ಬೆರೆತದ್ದು ನಿಧಾನಕ್ಕೆ ಗಟ್ಟಿಯಾಗುತ್ತೆ, ಹೆಚ್ಚು ದಿನ ತೇವ ಇರಬೇಕು, ಕಂಬ ಬೇಗ ತೆಗೀಬಾರದು ಅಂತ ಮೊಮ್ಮಗಳು ಎಲ್ಲರಿಗೂ ಹೇಳಿದ್ಲು. ತಾರಸಿ ಹಾಕಿದ ಮಾರನೇ ದಿನ ಅದರ ಮೇಲೆ ಗಾರೆಯ ಪುಟ್ಟ ಬದು ಕಟ್ಟಿ ಚೌಕ ಚೌಕವಾಗಿ ನೀರು ನಿಲ್ಲಿಸಿದ್ರು. ಏಣಿ ಹತ್ತಿ ನೋಡ್ತೀನಿ, ನಾಟಿಗೆ ಮುಂಚೆ ನೀರು ಕಟ್ಟಿದ ನಮ್ಮ ಗದ್ದೇನೇ! ಒಂದೊಂದು ಮಡೀಲೂ ಒಂದೊಂದು ತುಂಡು ಆಕಾಶ. ಮೊಣಕಾಲುದ್ದ ಕೆಸರು, ಪೈರಿನ ಕಟ್ಟು, ಬದುವಿನ ಮೇಲೆ ಕೂತು ತಿಂದ ತಂಗಳು ಎಲ್ಲಾ ಒಟ್ಟಿಗೆ ಬಂತು. ಯಜಮಾನರು ಬಗ್ಗಿ ನೀರಲ್ಲಿ ಕೈ ಅದ್ದಿ ತುಂಬ ಹೊತ್ತು ಹಾಗೇ ಕೂತಿದ್ರು.

ಆಮೇಲಿಂದ ನೀರು ನೋಡ್ಕೊಳ್ಳೋ ಕೆಲಸ ಅವರದೇ. ಒಂದು ಮಧ್ಯಾಹ್ನ ನಾನೂ ಮೊಮ್ಮಗಳೂ ಹೋದ್ರೆ ಬದು ಎಲ್ಲಾ ಒಡೆದಿದೆ, ತಾರಸಿ ಬಿಸಿಲಿಗೆ ಬೆಳ್ಳಗೆ ಒಣಗಿದೆ. ಯಜಮಾನರು ಗುದ್ದಲಿ ಪಕ್ಕಕ್ಕಿಟ್ಟು ಬೀಡಿ ಸೇದ್ತಿದ್ದಾರೆ.

"ತಾತಾ! ನೀರು ಯಾರು ಬಿಟ್ಟಿದ್ದು?"

"ನಾನೇ. ಗಟ್ಟಿಯಾಯ್ತಲ್ಲ. ಕಾಳು ಕಟ್ಟಿದ ಮೇಲೂ ನೀರು ನಿಲ್ಲಿಸಿದ್ರೆ ಪೈರು ಮಲಗಿಬಿಡುತ್ತೆ."

"ಅಯ್ಯೋ ತಾತಾ, ಇದನ್ನ ಯಾರು ಕೊಯ್ತಾರೆ?"

ಮೇಸ್ತ್ರಿ ಹೊಟ್ಟೆ ಹಿಡ್ಕೊಂಡು ನಕ್ಕ. ಅವಳು ನಗಲಿಲ್ಲ. ಒಣಗಿದ್ರೆ ಬಿರುಕು ಬಿಡುತ್ತೆ, ಬೂದಿ ಕಲ್ಲಾಗೋದು ಅಲ್ಲಿಗೇ ನಿಲ್ಲುತ್ತೆ ಅಂದ್ಲು. ತಾರಸಿ ಕೆಟ್ರೆ ಒಡೀಬೇಕು, ಮತ್ತೆ ಆ ಬಾಡಿಗೆ ಮನೆ ಮೆಟ್ಟಿಲೇ ಗತಿ. ಸೆರಗು ಸಿಕ್ಕಿಸಿ ಗೋಣಿಚೀಲ ಹಾಸಿದೆ, ಕೊಡ ಕೊಡ ನೀರು ಸುರಿದೆ. ಯಜಮಾನರು ಬೀಡಿ ಬಿಸಾಕಿ ಬದು ಮತ್ತೆ ಕಟ್ಟಿದ್ರು.

ತಾರಸಿ ಹಾಕಿದ ದಿನ ಅದೇ ಕಾಂಕ್ರೀಟನ್ನ ಅಚ್ಚಿಗೆ ತುಂಬಿ ಮಾಡಿಟ್ಟಿದ್ದ ಗಟ್ಟಿಗಳನ್ನ ಮೊಮ್ಮಗಳು ಕಾಲೇಜಿನ ಯಂತ್ರದಲ್ಲಿ ಒತ್ತಿ ನೋಡಿದ್ಲು, ಪಾಸಾದ್ವು. ಆದ್ರೆ ಅವು ಉದ್ದಕ್ಕೂ ತೊಟ್ಟಿ ನೀರಲ್ಲೇ ಇದ್ವು. ತಾತನ ಕೈಗೆ ಸಿಕ್ಕಿರಲಿಲ್ಲವಲ್ಲ!

ಕಂಬ ಬಿಚ್ಚೋ ದಿನ ಯಜಮಾನರು ಹೋಗಿ ತಾರಸಿ ಕೆಳಗೇ ನಿಂತ್ಬಿಟ್ರು. "ಬಿದ್ರೆ ನನ್ನ ಮೇಲೇ ಬೀಳ್ಲಿ."

"ಬನ್ರೀ ಈಚೆ, ಶೂರರು!" ಅಂತ ತೋಳು ಹಿಡಿದು ಎಳ್ಕೊಂಡು ಬಂದೆ. ಹಲಗೆ ಕಳಚ್ತಾ ಬಂತು. ಮೊಮ್ಮಗಳು ಟಾರ್ಚ್ ಬಿಟ್ಟು ಮೂಲೆ ಮೂಲೆ ನೋಡಿದ್ಲು. ಮೇಸ್ತ್ರಿ ಸುತ್ತಿಗೆಯಿಂದ ಬಡಿದು ಕಿವಿ ಕೊಟ್ಟ. ಠಣ್ ಅಂತು. "ಕಲ್ಲು ಅಮ್ಮಾ, ಕಲ್ಲು!" ಅಂದ. ಮೊಮ್ಮಗಳು ತಾತನ ಭುಜಕ್ಕೆ ಮುಖ ಒತ್ತಿ ಅತ್ಲು. ನಾನು ಬೀದಿಗೆ ಓಡಿದೆ.

ಸಾಯಂಕಾಲ ಅಲ್ಲೇ ಇಟ್ಟಿಗೆ ಒಲೆ ಹೂಡಿ ಮುದ್ದೆ, ಅವರೆಕಾಳು ಸಾರು ಮಾಡಿದ್ವಿ. ಗೋಡೆಗೆ ಗಾರೆಯಿಲ್ಲ, ಬಾಗಿಲಿಲ್ಲ, ಆದ್ರೂ ಎಲ್ಲರೂ ನಮ್ಮ ಸೂರಿನ ಕೆಳಗೆ ಸಾಲಾಗಿ ಕೂತ್ವಿ, ಮೇಸ್ತ್ರೀನೂ ಸೇರಿ. ಮೊದಲೆಲ್ಲ ಅಲ್ಲಿ ಕೂತ್ರೆ ಕೆರೆ ಕಾಣೋದು. ಈಗ ಅಪಾರ್ಟ್‌ಮೆಂಟಿನ ದೀಪಗಳು. ಆ ಕಡೇನೇ ನೋಡ್ತಾ ಕೂತಿದ್ದೆ.

"ಅತ್ತೆ, ಸಾರು ಆರೋಗ್ತಿದೆ" ಅಂದ್ಲು ಸೊಸೆ. ಯಜಮಾನರು ಆಗಲೇ ಇನ್ನೊಂದು ಮುದ್ದೆಗೆ ತಟ್ಟೆ ಚಾಚಿದ್ರು. ನಾನೂ ತುತ್ತು ಮುರಿದೆ.